ಒಂದು ಕೂರಿಗೆ ಹೊಲ ಅಂದರೆ ಎಷ್ಟು ಎಕರೆ?

ನಿಮ್ಮ ಮುತ್ಯಾ (ಅಜ್ಜ) "ನಮ್ದು ಎರಡು ಕೂರಿಗಿ ಹೊಲ" ಅಂತಾರೆ, ಪಹಣಿಯಲ್ಲಿ ಮಾತ್ರ ಎಕರೆ-ಗುಂಟೆ ಇದೆ, ಲೆಕ್ಕ ಹೇಗೆ ಅಂತ ಕೇಳಿದ್ದೀರಿ. ಕಲಬುರಗಿ ಜಿಲ್ಲೆಯ ನಮ್ಮ ಸೇಡಂ ಕಡೆ ಕೂರಿಗೆ ಅಂದರೆ ಸುಮಾರು ನಾಲ್ಕು ಎಕರೆ. ಆದರೆ "ಸುಮಾರು" ಅನ್ನೋದನ್ನು ಬಿಡಬೇಡಿ.

ಕೂರಿಗೆ ಅಂದರೆ ಮೊದಲು ಬಿತ್ತುವ ಸಾಧನ. ಎತ್ತು ಎಳೆಯುತ್ತವೆ, ಮೇಲಿನ ಬಟ್ಟಲಿಗೆ ಕಾಳು ಬಿಡುತ್ತಾ ಹೋದರೆ ಕೊಳವೆಗಳಲ್ಲಿ ಇಳಿದು ಸಾಲಾಗಿ ಬೀಳುತ್ತದೆ. ಅದರಿಂದ ಒಂದು ದಿನಕ್ಕೆ ಬಿತ್ತಿ ಮುಗಿಸುವಷ್ಟು ಹೊಲವೇ ಒಂದು ಕೂರಿಗೆ. ಅಂದರೆ ಇದು ನೆಲದ ಅಳತೆಗಿಂತ ಜಾಸ್ತಿ ದುಡಿಮೆಯ ಅಳತೆ. ಮೆತ್ತಗಿನ ಎರೆ ಹೊಲದಲ್ಲಿ ಕೂರಿಗೆ ಸರಸರ ಓಡುತ್ತದೆ. ಕಲ್ಲು ಹೊಲದಲ್ಲಿ ಹೆಜ್ಜೆಗೊಮ್ಮೆ ಸಿಕ್ಕಿಕೊಳ್ಳುತ್ತದೆ. ಎರಡೂ ಕಡೆ ಅದೇ ದಿನ, ಅದೇ ಎತ್ತು, ಆದರೆ ಎಕರೆ ಬೇರೆ.

ನಮ್ಮ ಮನೆಯಲ್ಲಿ ಅಪ್ಪನಿಗೆ, ಕಾಕಾನಿಗೆ ಮುತ್ಯಾ ಬಾಯಿಮಾತಲ್ಲೇ ಒಂದೊಂದು ಕೂರಿಗೆ ಹಂಚಿದ್ದರು. ಮುಂದೆ ಸರ್ವೇ ಮಾಡಿಸಿದಾಗ ಅಪ್ಪನ ಎರೆ ಹೊಲ 4 ಎಕರೆ 12 ಗುಂಟೆ, ಕಾಕಾನ ಕಲ್ಲು ಹೊಲ 3 ಎಕರೆ 30 ಗುಂಟೆ! ಕಲ್ಲೂ ಅವರಿಗೇ, ಕಡಿಮೆಯೂ ಅವರಿಗೇ. ಕಾಕಾ ಎರಡು ದೀಪಾವಳಿ ನಮ್ಮ ಮನೆಗೆ ಬರಲಿಲ್ಲ. ಸಿಟ್ಟು ಸುಮ್ನೆ ಬಂದದ್ದಲ್ಲ ಅಲ್ವಾ?

ಗುಂಟೆಗೆ ಈ ತಕರಾರಿಲ್ಲ. 33 ಅಡಿ ಉದ್ದ, 33 ಅಡಿ ಅಗಲ, ಒಟ್ಟು 1,089 ಚದರ ಅಡಿ. ಅಂಥ 40 ಸೇರಿದರೆ ಎಕರೆ. ಒಂದು ಗುಂಟೆಗೆ 16 ಆಣೆ; ಇಲ್ಲಿ ಆಣೆ ಅಂದರೆ ದುಡ್ಡಲ್ಲ, ಗುಂಟೆಯ ಹದಿನಾರನೇ ಒಂದು ಪಾಲು.

ಕೂರಿಗೆಗಿಂತ ಹಿಂದಕ್ಕೆ ಹೋದರೆ ನಮ್ಮ ಭಾಗದ ಶಾಸನಗಳಲ್ಲಿ "ಮತ್ತರು" ಅನ್ನೋ ಹಳೆಯ ಭೂಮಿ ಅಳತೆ ಸಿಗುತ್ತದೆ. ಚಿತ್ತಾಪುರದ ಹತ್ತಿರದ ನಾಗಾವಿಯಲ್ಲಿ ಕಲ್ಯಾಣ ಚಾಲುಕ್ಯರ ಕಾಲದ ಘಟಿಕಾಸ್ಥಾನ, ಅಂದರೆ ಉನ್ನತ ವಿದ್ಯಾಕೇಂದ್ರ, ಇತ್ತು. ಅಲ್ಲಿನ 1058ರ ಶಾಸನದಲ್ಲಿ ಪಾಠ ಹೇಳುವವರಿಗೆ, ಪುಸ್ತಕ ಭಂಡಾರ ನೋಡಿಕೊಳ್ಳುವವರಿಗೆ ಕೊಟ್ಟ ಭೂಮಿಯ ಲೆಕ್ಕ ಮತ್ತರಿನಲ್ಲೇ ಇದೆ. ಪುಸ್ತಕ ಕಾಯುವವರಿಗೂ ಹೊಲ ಕೊಟ್ಟಿದ್ದರು ನೋಡಿ! ಮತ್ತರನ್ನು ಅಳೆಯುತ್ತಿದ್ದದ್ದು ಕೋಲಿನಿಂದ. ಕೋಲಿನ ಉದ್ದ ಎಲ್ಲ ಕಡೆ ಒಂದೇ ಇರಲಿಲ್ಲ. ಅದಕ್ಕೇ ಯಾವ ಕೋಲು ಅಂತಲೂ ಎಷ್ಟೋ ಶಾಸನಗಳಲ್ಲಿ ಬರೆಸುತ್ತಿದ್ದರು.

ನೀವು ಹೊಲ ಮಾರುವ, ಪಾಲು ಮಾಡುವ ಯೋಚನೆಯಲ್ಲಿದ್ದರೆ ಕೂರಿಗೆಯನ್ನು ನಾಲ್ಕರಿಂದ ಗುಣಿಸಿ ಕಾಗದ ಬರೆಸಬೇಡಿ. ಸರ್ವೇ ನಂಬರ್ ಹಿಡಿದು ಅಳತೆ ಮಾಡಿಸಿ. ಅಳೆಯುವ ದಿನ ಮುತ್ಯಾನನ್ನೂ ಕರೆದುಕೊಂಡು ಹೋಗಿ, ಬದು ಎಲ್ಲಿತ್ತು ಅಂತ ಅವರಿಗೇ ಗೊತ್ತಿರುತ್ತದೆ.