ಓದುಗರ ಪ್ರಶ್ನೆಗೆ ಉತ್ತರ: ನಕ್ಷತ್ರದ ಬೆಳಕಲ್ಲಿ ಧೂಳಿನ ಗುರುತು

ಪ್ರಶ್ನೆ: ನಕ್ಷತ್ರಗಳ ಮಧ್ಯೆ ಇರೋ ಧೂಳು ಬೆಳಕನ್ನ ಮಂಕು ಮಾಡತ್ತೆ, ಕೆಂಪಗೆ ಮಾಡತ್ತೆ ಅಂತ ಓದಿದೀನಿ. ಅದೇ ಧೂಳು ಬೆಳಕನ್ನ ಪೋಲರೈಸ್ ಕೂಡ ಮಾಡತ್ತಂತೆ, ಅದು ಹೇಗೆ? ಮತ್ತೆ ಇದನ್ನ ಅಳೆಯೋಕೆ ಓಪನ್ ಕ್ಲಸ್ಟರ್‌ಗಳನ್ನೇ ಯಾಕೆ ಆರಿಸ್ಕೋತಾರೆ?
ಬಿ.ಎಸ್ಸಿ. ವಿದ್ಯಾರ್ಥಿನಿ, ಶಿವಮೊಗ್ಗ

ಉತ್ತರ: ತುಂಬಾ ಒಳ್ಳೆ ಪ್ರಶ್ನೆ ಕಣಮ್ಮ, ಉತ್ತರ ಸ್ವಲ್ಪ ಉದ್ದ ಆಗತ್ತೆ.

ನಕ್ಷತ್ರದಿಂದ ಹೊರಡೋವಾಗ ಬೆಳಕಿನ ಅಲೆಗಳು ಎಲ್ಲಾ ದಿಕ್ಕಲ್ಲೂ ಸಮವಾಗಿ ಕಂಪಿಸ್ತಿರತ್ತೆ. ಯಾವುದೋ ಒಂದು ದಿಕ್ಕಲ್ಲಿ ಜಾಸ್ತಿ ಕಂಪಿಸಿದ್ರೆ ಅದನ್ನೇ ಪೋಲರೈಸ್ ಆದ ಬೆಳಕು ಅನ್ನೋದು. ದಾರೀಲಿ ಸಿಗೋ ಧೂಳಿನ ಕಣಗಳು ಮಿಲಿಮೀಟರಿನ ಹತ್ತು ಸಾವಿರದಲ್ಲಿ ಒಂದು ಭಾಗದ ಆಸುಪಾಸಿನವು, ಸಿಲಿಕೇಟು, ಇಂಗಾಲ ಇಂಥವುಗಳಿಂದ ಆದವು. ಇವು ಗುಂಡಗೆ ಇದ್ದಿದ್ರೆ ಬೆಳಕು ಮಂಕಾಗ್ತಿತ್ತು ಅಷ್ಟೇ, ಆದ್ರೆ ಇವು ಅಕ್ಕಿ ಕಾಳಿನ ಥರ ಒಂದು ಕಡೆ ಉದ್ದ, ಹಾಗಾಗಿ ತಮ್ಮ ಉದ್ದದ ದಿಕ್ಕಲ್ಲಿ ಕಂಪಿಸೋ ಬೆಳಕನ್ನ ಜಾಸ್ತಿ ತಡೀತವೆ, ಅಡ್ಡ ದಿಕ್ಕಿಂದನ್ನ ಕಮ್ಮಿ. ಕಣಗಳು ಹೇಗೆಂದ್ರೆ ಹಾಗೆ ಚೆಲ್ಲಾಪಿಲ್ಲಿ ತಿರುಗಿದ್ರೆ ಈ ವ್ಯತ್ಯಾಸನೂ ಒಟ್ಟಾರೆ ಅಳಿಸಿ ಹೋಗ್ತಿತ್ತು. ಹಾಗಾಗದೇ ಇರೋದಕ್ಕೆ ಕಾರಣ ನಮ್ಮ ಗ್ಯಾಲಕ್ಸಿಯ ಕಾಂತಕ್ಷೇತ್ರ. ಭೂಮಿಯ ಕಾಂತಕ್ಷೇತ್ರಕ್ಕಿಂತ ಅದು ಸುಮಾರು ಲಕ್ಷ ಪಟ್ಟು ದುರ್ಬಲ, ಆದ್ರೂ ಗಿರಗಿರ ತಿರುಗೋ ಕಣಗಳ ಅಕ್ಷ ಅದರ ಗುಂಟ ನಿಲ್ಲತ್ತೆ, ಉದ್ದದ ಬದಿ ಅದಕ್ಕೆ ಅಡ್ಡ ಬರತ್ತೆ. ಹಾಗಾಗಿ ತೂರ್ಕೊಂಡು ಬಂದ ಬೆಳಕು ಕಾಂತಕ್ಷೇತ್ರದ ದಿಕ್ಕಲ್ಲೇ ಸ್ವಲ್ಪ ಜಾಸ್ತಿ ಕಂಪಿಸತ್ತೆ. ಈ ಜೋಡಣೆ ಆಗೋದು ಹೇಗೆ ಅಂತ ಮೊದಲು 1951ರಲ್ಲಿ ಡೇವಿಸ್ ಮತ್ತು ಗ್ರೀನ್‌ಸ್ಟೈನ್ ವಿವರಿಸಿದ್ರು, ಈಗ ನಕ್ಷತ್ರದ ಬೆಳಕೇ ಕಣಗಳನ್ನ ತಿರುಗ್ಸಿ ಸಾಲಾಗಿ ನಿಲ್ಲಿಸತ್ತೆ ಅನ್ನೋ ವಿವರಣೆಗೆ ಹೆಚ್ಚು ಒಪ್ಪಿಗೆ ಇದೆ.

ಇದು ಗೊತ್ತಾಗಿದ್ದೂ ಬೇರೆ ಏನೋ ಹುಡುಕೋವಾಗ. ಬಿಸಿ ನಕ್ಷತ್ರದ ಅಂಚಿನ ಬೆಳಕು ಪೋಲರೈಸ್ ಆಗಿರ್ಬೇಕು, ಜೋಡಿ ನಕ್ಷತ್ರಗಳಲ್ಲಿ ಗ್ರಹಣ ಆಗೋವಾಗ ಅದು ಕಾಣ್ಬೇಕು ಅಂತ ಎಸ್. ಚಂದ್ರಶೇಖರ್ ಲೆಕ್ಕ ಹೇಳ್ತಿತ್ತು. ಅದನ್ನ ನೋಡೋಕೆ ಹೊರಟ ಅಮೆರಿಕದ ಹಿಲ್ಟ್ನರ್ ಮತ್ತು ಹಾಲ್ ಅವರಿಗೆ ಗ್ರಹಣಕ್ಕೂ ಇದಕ್ಕೂ ಸಂಬಂಧಾನೇ ಇಲ್ಲ, ದೂರದ ಎಷ್ಟೋ ನಕ್ಷತ್ರಗಳ ಬೆಳಕು ಹೀಗೇ ಇದೆ ಅಂತ ಕಂಡಿತು, 1949ರಲ್ಲಿ ಪ್ರಕಟಿಸಿದ್ರು.

ಈಗ ಕ್ಲಸ್ಟರ್ ವಿಷಯ, ನನಗೆ ತುಂಬಾ ಇಷ್ಟವಾದ ಭಾಗ ಇದು. ಒಂದೇ ನಕ್ಷತ್ರ ನೋಡಿದ್ರೆ ಸಿಗೋದು ಅಲ್ಲಿಂದ ಇಲ್ಲಿವರೆಗಿನ ಒಟ್ಟು ಮೊತ್ತ ಅಷ್ಟೇ, ಧೂಳು ಪಕ್ಕದಲ್ಲೇ ಇದೆಯೋ ಸಾವಿರಾರು ಬೆಳಕಿನ ವರ್ಷ ಆಚೆ ಇದೆಯೋ ಅಂತ ಅದು ಹೇಳಲ್ಲ. ಓಪನ್ ಕ್ಲಸ್ಟರ್‌ನಲ್ಲಿ ಹತ್ತಾರರಿಂದ ನೂರಾರು ನಕ್ಷತ್ರಗಳು ಒಂದೇ ಮೋಡದಿಂದ ಹುಟ್ಟಿ, ಹೆಚ್ಚುಕಮ್ಮಿ ಒಂದೇ ವಯಸ್ಸು, ಒಂದೇ ದೂರದಲ್ಲಿ ಇರ್ತವೆ. ಅಂದ್ರೆ ದೂರ ಗಟ್ಟಿಯಾಗಿ ಗೊತ್ತು, ಮತ್ತೆ ಅದೇ ಫ್ರೇಮಲ್ಲಿ ಕ್ಲಸ್ಟರ್‌ಗಿಂತ ಮುಂದೆ, ಹಿಂದೆ ಇರೋ ನಕ್ಷತ್ರಗಳೂ ಬೀಳತ್ವೆ. ಯಾವುದು ಎಷ್ಟು ದೂರ ಅಂತ ಗಾಯಾ ಉಪಗ್ರಹ ಈಗ ವಿಂಗಡಿಸಿ ಕೊಟ್ಟಿದೆ. ದೂರದ ಜೊತೆ ಪೋಲರೈಸೇಶನ್ ಗ್ರಾಫ್ ಹಾಕ್ತಾ ಹೋದ್ರೆ ಎಲ್ಲಿ ದಿಢೀರ್ ಅಂತ ಮೇಲೆ ಹಾರತ್ತೋ ಅಥವಾ ಪೋಲರೈಸೇಶನ್ ಕೋನ (ಬೆಳಕು ಜಾಸ್ತಿ ಕಂಪಿಸೋ ದಿಕ್ಕು) ತಿರುಗತ್ತೋ ಅಲ್ಲೊಂದು ಧೂಳಿನ ಪದರ ಇದೆ ಅಂತ ಅರ್ಥ. ನೈನಿತಾಲಿನ ಏರೀಸ್ ಸಂಸ್ಥೆಯ 104 ಸೆಂ.ಮೀ. ಸಂಪೂರ್ಣಾನಂದ ಟೆಲಿಸ್ಕೋಪಿನಿಂದ ಎನ್‌ಜಿಸಿ 654 ಅನ್ನೋ ಕ್ಲಸ್ಟರನ್ನ ಹೀಗೇ ಅಳೆದಿದ್ರು. ಕ್ಲಸ್ಟರ್ ಇರೋದು 7,000 ಬೆಳಕಿನ ವರ್ಷಕ್ಕಿಂತ ಆಚೆ, ದಾರೀಲಿ ಕಮ್ಮಿ ಅಂದ್ರೂ ಎರಡು ಪದರ ಸಿಕ್ಕಿತು, ಒಂದು ಸುಮಾರು 650 ಬೆಳಕಿನ ವರ್ಷದಲ್ಲಿ, ಇನ್ನೊಂದು ಸುಮಾರು 3,300ರಲ್ಲಿ. ಒಂದು ಮೀಟರ್ ಚಿಲ್ಲರೆ ಕನ್ನಡಿಯಲ್ಲಿ ಇಷ್ಟು ಸಿಗತ್ತೆ ಅಂದ್ರೆ ನೋಡಿ!

ಕ್ಲಸ್ಟರ್ ಒಳಗಿನ ನಕ್ಷತ್ರಗಳನ್ನ ಒಂದಕ್ಕೊಂದು ಹೋಲಿಸೋದೂ ಮುಖ್ಯ. ಎಲ್ಲಕ್ಕೂ ಒಂದೇ ಕೋನ ಬಂದ್ರೆ ಧೂಳು ಬಹುಪಾಲು ನಮ್ಮ ಕಡೆಗಿನ ದಾರೀಲಿದೆ, ನಕ್ಷತ್ರದಿಂದ ನಕ್ಷತ್ರಕ್ಕೆ ಬದಲಾದ್ರೆ ಕ್ಲಸ್ಟರ್ ಒಳಗೇ ಹುಟ್ಟಿನ ಮೋಡದ ಧೂಳು ಇನ್ನೂ ಉಳಿದಿರಬಹುದು. ಯಾವುದೋ ಒಂದೇ ನಕ್ಷತ್ರ ಉಳಿದವಕ್ಕೆ ಹೊಂದದೇ ಬೇರೆ ನಿಂತ್ರೆ ಅದರ ಸುತ್ತಲೇ ಅನಿಲದ ಅಥವಾ ಧೂಳಿನ ತಟ್ಟೆ ಇದೆಯಾ ಅಂತ ಅನುಮಾನ ಪಡ್ಬೇಕು.

ಪ್ರಶ್ನೆ: ಹಾಗಾದ್ರೆ ಪೋಲರೈಸೇಶನ್ ಜಾಸ್ತಿ ಇದ್ದಷ್ಟೂ ಧೂಳು ಜಾಸ್ತಿ ಅಂತ ತಿಳೀಬಹುದೇ?
ನಿವೃತ್ತ ಶಿಕ್ಷಕರು, ಧಾರವಾಡ

ಉತ್ತರ: ಇಲ್ಲ ಸರ್, ಅಷ್ಟು ನೇರ ಇಲ್ಲ. ಮುಂದಿನ ಮೋಡದಲ್ಲಿ ಕಾಂತಕ್ಷೇತ್ರ ಒಂದು ದಿಕ್ಕಿಗೆ, ಹಿಂದಿನ ಮೋಡದಲ್ಲಿ ಅದಕ್ಕೆ ಅಡ್ಡಲಾಗಿ ಇದ್ರೆ ಒಂದು ಮಾಡಿದ್ದನ್ನ ಇನ್ನೊಂದು ಅಳಿಸತ್ತೆ, ಧೂಳು ಎರಡು ಪಟ್ಟಾದ್ರೂ ಪೋಲರೈಸೇಶನ್ ಸೊನ್ನೆ ಹತ್ರ ಬರಬಹುದು. ಕಾಂತಕ್ಷೇತ್ರ ನೇರ ನಮ್ಮ ಕಡೆಗೇ ಮುಖ ಮಾಡಿದ್ರೂ ಅಷ್ಟೇ, ಕಾಣೋದು ತೀರಾ ಕಮ್ಮಿ. ಸೆರ್ಕೋವ್ಸ್ಕಿ ಮತ್ತವರ ಜೊತೆಗಾರರು 1975ರಲ್ಲಿ ಹೇಳಿದ ಮಿತಿ ಪ್ರಕಾರ ಬೆಳಕು ಒಂದು ಮ್ಯಾಗ್ನಿಟ್ಯೂಡಿನಷ್ಟು (ನಕ್ಷತ್ರದ ಹೊಳಪು ಅಳೆಯೋ ಮಾನ ಇದು) ಕೆಂಪಾಗಿದ್ರೆ ಪೋಲರೈಸೇಶನ್ ಹೆಚ್ಚಂದ್ರೆ ಸುಮಾರು 9 ಪರ್ಸೆಂಟ್, ಬಹಳಷ್ಟು ಕಡೆ ಸಿಗೋದು ಅದಕ್ಕಿಂತ ಕಮ್ಮಿನೇ. ಅದಕ್ಕೇ ಕೆಂಪಾಗಿರೋದನ್ನೂ ಪೋಲರೈಸೇಶನ್ನನ್ನೂ ಎರಡನ್ನೂ ಅಳೀಬೇಕು, ಮೊದಲನೇದು ಧೂಳೆಷ್ಟು ಅನ್ನತ್ತೆ, ಎರಡನೇದು ಅದು ಎಷ್ಟು ಶಿಸ್ತಾಗಿ ನಿಂತಿದೆ ಅನ್ನತ್ತೆ. ಇನ್ನೂ ಒಂದಿದೆ, ಬೇರೆ ಬೇರೆ ಬಣ್ಣದ ಫಿಲ್ಟರಲ್ಲಿ ಅಳೆದ್ರೆ ಸಾಮಾನ್ಯವಾಗಿ 0.55 ಮೈಕ್ರಾನ್ ಹತ್ರ, ಅಂದ್ರೆ ಹಸಿರು ಬೆಳಕಲ್ಲಿ, ಪೋಲರೈಸೇಶನ್ ಅತಿ ಹೆಚ್ಚು. ಆ ತುದಿ ಕೆಂಪಿನ ಕಡೆ ಸರಿದಿದ್ರೆ ಅಲ್ಲಿನ ಕಣಗಳು ದೊಡ್ಡವು.

ಪ್ರಶ್ನೆ: ನನ್ನ ಹತ್ರ ಪೋಲರಾಯ್ಡ್ ಕೂಲಿಂಗ್ ಗ್ಲಾಸ್ ಇದೆ, ತಿರುಗಿಸಿ ನೋಡಿದ್ರೆ ನಕ್ಷತ್ರದಲ್ಲಿ ಇದು ಕಾಣತ್ತಾ?
ಹತ್ತನೇ ತರಗತಿ, ಮೈಸೂರು

ಉತ್ತರ: ಕಾಣಲ್ಲ ಪುಟ್ಟ, 2 ಪರ್ಸೆಂಟ್ ವ್ಯತ್ಯಾಸ ಕಣ್ಣಿಗೆ ಹತ್ತಲ್ಲ. 0.1 ಪರ್ಸೆಂಟ್ ಮಟ್ಟಕ್ಕೆ ಅಳೀಬೇಕಂದ್ರೆ ಒಂದೊಂದು ನಕ್ಷತ್ರದಿಂದ ಹತ್ತು ಲಕ್ಷಕ್ಕೂ ಜಾಸ್ತಿ ಫೋಟಾನ್, ಅಂದ್ರೆ ಬೆಳಕಿನ ಕಣ, ಹಿಡೀಬೇಕು. ಸೂರ್ಯನಿಂದ 90 ಡಿಗ್ರಿ ದೂರದ ನೀಲಿ ಆಕಾಶಕ್ಕೆ ಹಿಡಿದು ತಿರುಗ್ಸು, ಕಪ್ಪಾಗಿ ಬೆಳ್ಳಗಾಗೋದು ಚೆನ್ನಾಗಿ ಕಾಣತ್ತೆ. ಸೂರ್ಯನ ಕಡೆ ಮಾತ್ರ ನೋಡ್ಬೇಡ.

ಪ್ರಶ್ನೆ: ಧೂಳಿನ ಬಗ್ಗೆ ಇಷ್ಟು ತಲೆ ಕೆಡಿಸ್ಕೊಳ್ಳೋದು ಯಾಕೆ? ಇದರಲ್ಲಿ ನಾವೇನಾದ್ರೂ ಮಾಡ್ಬಹುದಾ?
ಸಾಫ್ಟ್‌ವೇರ್ ಎಂಜಿನಿಯರ್, ಬೆಂಗಳೂರು

ಉತ್ತರ: 2014ರಲ್ಲಿ ದಕ್ಷಿಣ ಧ್ರುವದ ಬೈಸೆಪ್2 ಟೆಲಿಸ್ಕೋಪಿನ ತಂಡ ವಿಶ್ವದ ಹುಟ್ಟಿನ ಕಾಲದ ಗುರುತ್ವ ಅಲೆಗಳ ಗುರುತು ಮೈಕ್ರೋವೇವ್ ಬೆಳಕಿನ ಪೋಲರೈಸೇಶನ್‌ನಲ್ಲಿ ಸಿಕ್ಕಿದೆ ಅಂತ ಘೋಷಿಸಿತ್ತು, ಮುಂದಿನ ವರ್ಷ ಪ್ಲಾಂಕ್ ಉಪಗ್ರಹದ ಮಾಹಿತಿ ಜೊತೆ ಇಟ್ಟು ನೋಡಿದಾಗ ಅದರಲ್ಲಿ ನಮ್ಮ ಗ್ಯಾಲಕ್ಸಿಯ ಧೂಳಿನ ಪಾಲು ತುಂಬಾ ದೊಡ್ಡದು, ಅಲೆಗಳ ಗುರುತು ಅಂತ ಹೇಳೋಕೆ ಆಗಲ್ಲ ಅಂತ ಗೊತ್ತಾಯ್ತು. ಪ್ಲಾಂಕ್ ನೋಡಿದ್ದು ಧೂಳು ತಾನೇ ಸೂಸೋ ಬೆಳಕನ್ನ, ಅದರಲ್ಲಿ ದೂರ ತಿಳಿಯಲ್ಲ, ದೂರ ಹೇಳೋದು ನಕ್ಷತ್ರಗಳು. ಇದಕ್ಕೇ ಅಂತ ಪಾಸಿಫೇ ಅನ್ನೋ ಸರ್ವೇ ಇದೆ, ಕ್ರೀಟ್ ದ್ವೀಪ ಮತ್ತು ದಕ್ಷಿಣ ಆಫ್ರಿಕಾದ ಟೆಲಿಸ್ಕೋಪುಗಳಿಗೆ ಬೇಕಾದ ಪೋಲರಿಮೀಟರುಗಳ (ಪೋಲರೈಸೇಶನ್ ಅಳೆಯೋ ಉಪಕರಣಗಳ) ಕೆಲಸ ನಮ್ಮ ಪುಣೆಯ ಖಗೋಳ ಸಂಶೋಧನಾ ಕೇಂದ್ರ ಐಯುಕಾದಲ್ಲಿ ನಡೆದಿದೆ.

ನೀವು ಮಾಡೋದಂದ್ರೆ, ಹೈಲ್ಸ್ 2000ರಲ್ಲಿ ಒಟ್ಟುಗೂಡಿಸಿದ ಪಟ್ಟಿಯಲ್ಲಿ 9,000ಕ್ಕೂ ಹೆಚ್ಚು ನಕ್ಷತ್ರಗಳ ಪೋಲರೈಸೇಶನ್ ಇದೆ, ಫ್ರೀಯಾಗಿ ಸಿಗತ್ತೆ. ಅದನ್ನ ಗಾಯಾ ದೂರಗಳ ಜೊತೆ ಜೋಡಿಸಿ, ಪರ್ಸಿಯಸ್‌ನ ಜೋಡಿ ಕ್ಲಸ್ಟರ್ ದಿಕ್ಕಲ್ಲಿರೋವನ್ನ ಮಾತ್ರ ಆರಿಸಿ ಗ್ರಾಫ್ ಹಾಕಿ ನೋಡಿ, ಲ್ಯಾಪ್‌ಟಾಪ್ ಸಾಕು. ಒಂದೇ ಎಚ್ಚರ ಅಂದ್ರೆ ಕೋನಗಳನ್ನ ಸುಮ್ನೆ ಸರಾಸರಿ ಮಾಡ್ಬೇಡಿ, ಇಲ್ಲಿ 1 ಡಿಗ್ರಿ ಮತ್ತು 179 ಡಿಗ್ರಿ ಅಕ್ಕಪಕ್ಕದವು, ಸ್ಟೋಕ್ಸ್ ಕ್ಯೂ, ಯು ಅನ್ನೋ ಬೆಲೆಗಳಿಗೆ (ಪೋಲರೈಸೇಶನ್ ಎಷ್ಟು, ಯಾವ ಕೋನ ಅನ್ನೋದನ್ನ ಒಟ್ಟಿಗೆ ಹೇಳೋ ಎರಡು ಸಂಖ್ಯೆಗಳು) ಬದಲಾಯಿಸ್ಕೊಂಡು ಆಮೇಲೆ ಕೂಡಿ ಕಳೀರಿ. ಗ್ರಾಫ್ ಬಂದ್ರೆ ನಮಗೂ ಕಳಿಸಿ, ಇದೇ ಅಂಕಣದಲ್ಲಿ ಹಾಕ್ತೀವಿ.