ಕ್ಲ್ಯಾಟ್: ಲೀಗಲ್ ರೀಸನಿಂಗ್‌ಗೆ ಬಿಎನ್‌ಎಸ್ ಓದಬೇಕೇ?

ಕಾನೂನು ಪದವಿಯ ಪ್ರವೇಶ ಪರೀಕ್ಷೆ ಕ್ಲ್ಯಾಟ್‌ನ ಮಾಕ್‌ನಲ್ಲಿ (ಅಭ್ಯಾಸ ಪರೀಕ್ಷೆಯಲ್ಲಿ) ಲೀಗಲ್ ರೀಸನಿಂಗ್ (ಕಾನೂನು ತರ್ಕ) ವಿಭಾಗಕ್ಕೇ 50 ನಿಮಿಷ ಹೋಗುತ್ತದೆ, ಆದರೂ ತಪ್ಪು ಜಾಸ್ತಿ, ಬಿಎನ್‌ಎಸ್ (ಭಾರತೀಯ ನ್ಯಾಯ ಸಂಹಿತೆ, ಅಂದರೆ ದೇಶದ ಅಪರಾಧ ಕಾನೂನು) ಓದಲೇ ಎಂದು ಕೇಳಿದ್ದೀರಿ. ಖಂಡಿತ ಬೇಡ. ಬೇಕಾದ ನಿಯಮ ಪ್ಯಾಸೇಜಿನಲ್ಲೇ ಇರುತ್ತದೆ. ಹೊರಗಿನ ಕಾನೂನು ತಂದು ಸೇರಿಸಿದಾಗಲೇ ಉತ್ತರ ಕೆಡುವುದು.

ಮೊದಲು ನಿಯಮವನ್ನು ತುಂಡು ಮಾಡಿ. 'ಅಪ್ರಾಮಾಣಿಕ ಉದ್ದೇಶದಿಂದ, ಒಪ್ಪಿಗೆಯಿಲ್ಲದೆ, ಇನ್ನೊಬ್ಬರ ವಸ್ತು ಸಾಗಿಸುವುದು ಕಳ್ಳತನ' ಎಂದಿದ್ದರೆ ಮೂರೂ ಕೂಡಿ ಬರಬೇಕು. ತನ್ನದೆಂದೇ ನಂಬಿ ಪಕ್ಕದವರ ಕೊಡೆ ಒಯ್ದವನಲ್ಲಿ ಮೊದಲನೆಯದೇ ಇಲ್ಲ, ಹಾಗಾಗಿ ಕಳ್ಳತನವಲ್ಲ. ಆ್ಯಂಡ್, ಆರ್, ಅನ್‌ಲೆಸ್ ಕಂಡಲ್ಲಿ ಪೆನ್ಸಿಲ್ ಗೆರೆ ಎಳೆಯಿರಿ. ಹೆಚ್ಚಿನವರು ಎಡವುವುದು ಅಲ್ಲೇ.

ಒಟ್ಟು 120 ಪ್ರಶ್ನೆ, 120 ನಿಮಿಷ. ಈ ವಿಭಾಗದ 28–32 ಪ್ರಶ್ನೆಗೆ 35 ನಿಮಿಷ ಮೀರಬೇಡಿ. ತಪ್ಪಿಗೆ 0.25 ಅಂಕ ಕಳೆಯುತ್ತಾರೆ, ಎರಡು ಆಯ್ಕೆ ತಳ್ಳಿಹಾಕಲು ಸಾಧ್ಯವಾದರೆ ಧೈರ್ಯವಾಗಿ ಗುರುತು ಹಾಕಿ.