ಸೈಕಲ್ ಸಂದೇಹ: ಏರಿನಲ್ಲಿ ಕೈಕೊಡುವ ಒಂದನೇ ಗೇರ್

ಪ್ರಶ್ನೆ: ಮನೆಯಲ್ಲಿ ಹಳೆಯ ಸ್ಟರ್ಮಿ-ಆರ್ಚರ್ ಕಂಪನಿಯ ಮೂರು ಗೇರಿನ ಹಬ್ (ಗೇರುಗಳನ್ನು ಒಳಗೇ ಇಟ್ಟುಕೊಂಡ, ಹಿಂದಿನ ಚಕ್ರದ ನಡುವಿನ ಗುಂಬ) ಇರುವ ಸೈಕಲ್ ಇದೆ. ಮಳೆಗಾಲಕ್ಕೆ ಮುಂಚೆ ಅಂಗಡಿಯವರು ಹಿಂದಿನ ಹಬ್‌ಗೆ ಗ್ರೀಸ್ ತುಂಬಿಸಿ ಕೊಟ್ಟರು. ಈಗ 1ನೇ ಗೇರಿಗೆ ಹಾಕಿದರೆ ಪೆಡಲ್ ಸುಮ್ಮನೆ ತಿರುಗುತ್ತದೆ, 2 ಮತ್ತು 3ರಲ್ಲಿ ಸರಿಯಾಗಿದೆ. ಹಬ್ ಹಾಳಾಯಿತೇ?
– ಓದುಗರು, ಮಡಿಕೇರಿ

ಉತ್ತರ: ಹಾಳಾಗಿಲ್ಲ, ಆ ಗ್ರೀಸೇ ತೊಂದರೆ. 1ನೇ ಗೇರಿನಲ್ಲಿ ಚಕ್ರವನ್ನು ಎಳೆಯುವುದು ಎರಡು ಪುಟ್ಟ ಕೊಕ್ಕೆಗಳು. ತೆಳು ತಂತಿಯ ಸ್ಪ್ರಿಂಗ್ ಅವನ್ನು ಎತ್ತಿ ಹಿಡಿಯಬೇಕು. ಗ್ರೀಸ್ ಅಂಟಿದರೆ ಏಳುವುದಿಲ್ಲ, ಮಡಿಕೇರಿಯ ಚಳಿಯಲ್ಲಂತೂ ಅದು ಇನ್ನೂ ಗಟ್ಟಿ. (2ರಲ್ಲಿ 1ರಷ್ಟು, 3ರಲ್ಲಿ 2ರಷ್ಟು ಹಗುರ ಎನಿಸಿದರೆ, ಅಂಟಿಕೊಂಡಿರುವುದು ಇನ್ನೊಂದು ಜೋಡಿ ಕೊಕ್ಕೆ.) ಬೇರಿಂಗಿಗೆ ಗ್ರೀಸ್, ಗೇರಿಗೆ ಎಣ್ಣೆ. ಇದನ್ನು ಅಂಗಡಿಯವರಿಗೂ ಹೇಳಿಬಿಡಿ.

ಹಬ್‌ನ ನಡುವೆ ಮುಚ್ಚಳವಿರುವ ಎಣ್ಣೆತೂತು ಇರುತ್ತದೆ. ಅದರಲ್ಲಿ ಎರಡು-ಮೂರು ಟೀ ಚಮಚ ಸೀಮೆಎಣ್ಣೆ ಬಿಟ್ಟು, ಚಕ್ರ ತಿರುಗಿಸಿ, ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಸೈಕಲನ್ನು ಒಂದು ಬದಿಗೆ, ಆಮೇಲೆ ಇನ್ನೊಂದು ಬದಿಗೆ ಮಲಗಿಸಿ. ಕೆಳಗೆ ಹಳೆಯ ಪತ್ರಿಕೆ ಹಾಸಿ. ಹೊರಗೆ ಸುರಿಯುವ ಸೀಮೆಎಣ್ಣೆ ಕೊಳೆಯಿಲ್ಲದೆ ತಿಳಿಯಾಗುವವರೆಗೆ ಹೀಗೆ ಮಾಡಿ. ರಿಮ್ಮಿಗೆ ತಗಲಿದರೆ ಒರೆಸಿ, ಇಲ್ಲವಾದರೆ ಇಳಿಜಾರಿನಲ್ಲಿ ಬ್ರೇಕ್ ಹಿಡಿಯದು. ನಂತರ ಒಂದು ಟೀ ಚಮಚ ಎಸ್‌ಎಇ 30 ಇಂಜಿನ್ ಆಯಿಲ್, ಆಮೇಲೆ ತಿಂಗಳಿಗೊಮ್ಮೆ ಕೆಲವು ಹನಿ. ಕೊಬ್ಬರಿ ಎಣ್ಣೆ ಬೇಡವೇ ಬೇಡ, ಚಳಿಗೆ ಹೆಪ್ಪುಗಟ್ಟುತ್ತದೆ. ತೂತಿಲ್ಲದ ಹಬ್ ಆದರೆ ಕೇಬಲ್ ಬಿಚ್ಚಿ, ಬಲಗಡೆಯ ಸಣ್ಣ ಚೈನಿನ ಕಡ್ಡಿಯನ್ನು ತಿರುಗಿಸಿ ತೆಗೆದು, ಟೊಳ್ಳು ಆಕ್ಸಲ್ (ಚಕ್ರದ ಅಚ್ಚು) ಒಳಗೆ ಎಣ್ಣೆ ಬಿಡಿ.

ಕೇಬಲನ್ನೂ ನೋಡಿ. ಲಿವರ್ 2ಕ್ಕೆ ಹಾಕಿ, ಬಲ ನಟ್ಟಿನ ಕಿಟಕಿಯಲ್ಲಿ ಇಣುಕಿ: ಚೈನು ಕಡ್ಡಿಗೆ ಸೇರುವ ಜಾಗ ಆಕ್ಸಲ್ ತುದಿಗೆ ಸಮನಾಗಿರಬೇಕು. ಸಡಿಲವಾದರೆ 2 ಮತ್ತು 3ರ ನಡುವೆ ಪೆಡಲ್ ಖಾಲಿ ತಿರುಗಿ, ನಿಂತು ತುಳಿಯುವಾಗ ಬೀಳಿಸುತ್ತದೆ.

ಎರಡು ಸಲ ತೊಳೆದ ಮೇಲೂ ಹಾಗೆಯೇ ಇದ್ದರೆ ಹಬ್ ಬಿಚ್ಚಿಸಬೇಕು. ಹಬ್‌ನ ಬಲಗಡೆಯ ಬಳೆಯ ತಿರುಪಿನ ಎಳೆಗೆ ಎರಡು ಆರಂಭಗಳಿವೆ, ಅಂದರೆ ಅದು ಎರಡು ಬೇರೆ ಜಾಗಗಳಲ್ಲಿ ಕೂರಬಲ್ಲದು. ಬಿಚ್ಚುವ ಮೊದಲು ಬಳೆಗೂ ಹಬ್‌ಗೂ ಗುರುತು ಹಾಕಿಸಿ, ಅದೇ ಜಾಗಕ್ಕೆ ಕೂರಿಸಿ. ಇಲ್ಲವಾದರೆ ರಿಮ್ ವಾರೆಯಾಗುತ್ತದೆ.

ಪ್ರಶ್ನೆ: ಶಿಮಾನೊ ಕಂಪನಿಯ ಎಂಟು ಗೇರಿನ ಹಬ್ ನೆಕ್ಸಸ್ 8ಕ್ಕೂ ಹೀಗೆಯೇ ಮಾಡಬಹುದೇ?
– ಓದುಗರು, ಕುಶಾಲನಗರ

ಉತ್ತರ: ಇಲ್ಲ. ಅದಕ್ಕೆ ಎಣ್ಣೆತೂತಿಲ್ಲ. 2 ವರ್ಷಕ್ಕೊಮ್ಮೆ ಅಥವಾ 5000 ಕಿಲೋಮೀಟರಿಗೊಮ್ಮೆ ಒಳಭಾಗ ತೆಗೆಸಿ, ಶಿಮಾನೊದ್ದೇ ಎಣ್ಣೆಯಲ್ಲಿ ಅದ್ದಿಸಿ. ನೀವು ಮಾಡಬೇಕಾದ್ದು ಇಷ್ಟೇ: 4ನೇ ಗೇರಿಗೆ ಹಾಕಿ, ಹಬ್ ಪಕ್ಕದ ಹಳದಿ ಗೆರೆಗಳೆರಡು ಸರಿಯಾಗಿ ಕೂಡುವಂತೆ ಕೇಬಲ್ ತಿರುಪು ಹೊಂದಿಸಿ.